ಪಾಸ್‌ವರ್ಡ್ ಕೇಳದ ಡೇಟಾಬೇಸ್: ಒಂದು ವಿಮರ್ಶೆ

ಯಲವಿಗಿಯ ರೈತನ ಪಹಣಿಯು ಇಂದು ‘ಭೂಮಿ’ ಯೋಜನೆಯ ಗಣಕಯಂತ್ರದಿಂದ ಹೊರಬೀಳುತ್ತದೆ. ಹಿಂದೆ ಕುಲಕರ್ಣಿಯ ದಫ್ತರದಲ್ಲಿ ತಿದ್ದುಪಡಿ ಯಾರದೆಂಬುದನ್ನು ಕೈಬರಹವೇ ಹೇಳುತ್ತಿತ್ತು, ಗಣಕಕ್ಕೆ ಕೈಬರಹವಿಲ್ಲ. ಆದುದರಿಂದಲೇ 2000ದ ಸುಮಾರಿಗೆ ಆ ಯೋಜನೆಯನ್ನು ರೂಪಿಸಿದವರು ಬರಿಯ ಪಾಸ್‌ವರ್ಡನ್ನು ನಂಬದೆ ನೌಕರನ ಬೆರಳಚ್ಚನ್ನು ಪ್ರವೇಶಕ್ಕೆ ಆಧಾರವಾಗಿಸಿದರು. ಇದು ಯುಕ್ತವೆಂದೇ ನಮ್ಮ ಮತ.

ಶಾಸನಸೂಚಿಗಳನ್ನು ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿಡುವ ಸಂಶೋಧಕರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಕಮಾಂಡ್ ಲೈನಿನಿಂದ ಒಳಹೋಗುವಾಗ ಪಾಸ್‌ವರ್ಡಿನ ಪ್ರಶ್ನೆಯನ್ನು ತಪ್ಪಿಸಲೆಂದು ಅದನ್ನು ಆಜ್ಞೆಯ ಸಾಲಿನಲ್ಲಿಯೇ ಬರೆಯುವ ರೂಢಿಯುಂಟು. ಇದು ಸರ್ವಥಾ ಸಲ್ಲದು. ಬರೆದ ಆಜ್ಞೆಯು ಯಂತ್ರದ ನೆನಪಿನ ಕಡತದಲ್ಲಿ ಉಳಿದುಬಿಡುತ್ತದೆ. (ಗಣಕದವರೂ ಅದನ್ನು ‘ಇತಿಹಾಸ’ವೆಂದೇ ಕರೆಯುತ್ತಾರೆ!) ‘.ಪಿಜಿಪಾಸ್’ ಎಂಬ ಕಡತವು ಇದಕ್ಕಿಂತ ಮೇಲು. ಸರ್ವರಿನ ವಿಳಾಸ, ಪೋರ್ಟ್, ಡೇಟಾಬೇಸು, ಬಳಕೆದಾರ, ಪಾಸ್‌ವರ್ಡ್ ಇವಿಷ್ಟೂ ಅದರ ಒಂದು ಸಾಲಿನಲ್ಲಿರುತ್ತವೆ. ಲಿನಕ್ಸ್ ಯಂತ್ರಗಳಲ್ಲಿ ಅದರ ಅನುಮತಿಯು 0600ಕ್ಕಿಂತ ಸಡಿಲವಾಗಿ ಅನ್ಯರಿಗೂ ಓದಲು ಬರುವಂತಿದ್ದರೆ ಪೋಸ್ಟ್‌ಗ್ರೆಸ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಆದರೆ ವಿಭಾಗದವರೆಲ್ಲರೂ ಒಂದೇ ಕಡತವನ್ನು ನಕಲಿಸಿಕೊಂಡು ಒಂದೇ ಹೆಸರಿನಿಂದ ಪ್ರವೇಶಿಸಿದರೆ, ಶಾಸನವೊಂದರ ಕಾಲವನ್ನು ತಿದ್ದಿದವರು ಯಾರೆಂಬುದು ಮುಂದಿನವರಿಗೆ ತಿಳಿಯುವ ಬಗೆ ಹೇಗೆ? ಒಬ್ಬೊಬ್ಬರಿಗೂ ಬೇರೆ ಹೆಸರು, ಬೇರೆ ಕಡತವಿರತಕ್ಕದ್ದು. ತಿದ್ದಿದವರ ಹೆಸರೂ ದಿನಾಂಕವೂ ಪ್ರತಿಯೊಂದು ನಮೂದಿನೊಡನೆ ದಾಖಲಾಗತಕ್ಕದ್ದು.