ಬಯಲಾಟದ ಮೈಕ್: ಪದ್ಯ ಕೇಳುತ್ತದೆ, ಅರ್ಥ ಕೇಳುವುದಿಲ್ಲ

ಯಕ್ಷಗಾನ ಬಯಲಾಟದಲ್ಲಿ ಧ್ವನಿವರ್ಧಕಕ್ಕೆ ಎರಡು ತೀರಾ ಬೇರೆ ಬೇರೆ ಕೆಲಸಗಳಿವೆ. ಭಾಗವತರು ಪದ್ಯ ಎತ್ತಿಕೊಂಡಾಗ ಚೆಂಡೆ, ಮದ್ದಳೆ, ತಾಳ, ಶ್ರುತಿ ಒಟ್ಟಿಗೆ ಮೊಳಗುತ್ತವೆ. ಪದ್ಯ ಮುಗಿದ ಕೂಡಲೇ ಹಿಮ್ಮೇಳ ತಗ್ಗಿ, ಅಷ್ಟು ಹೊತ್ತು ಕುಣಿದ ವೇಷಧಾರಿ ಏದುಸಿರಿನಲ್ಲೇ ಅರ್ಥ ಹೇಳತೊಡಗುತ್ತಾನೆ. ಆಟ ಮುಗಿಯುವ ತನಕ ಈ ಎರಡು ಸ್ಥಿತಿಗಳು ಒಂದರ ಬೆನ್ನಿಗೆ ಒಂದು ಬರುತ್ತಲೇ ಇರುತ್ತವೆ. ಕರಾವಳಿಯ ಬಯಲುಗಳಲ್ಲಿ ಈಗ ಹೂಡುವ ಮೈಕ್ ಸೆಟ್ಟುಗಳ ದೊಡ್ಡ ದೋಷವೆಂದರೆ, ಅವನ್ನು ಪದ್ಯಕ್ಕೆ ಹೊಂದಿಸಿ ಅರ್ಥಕ್ಕೂ ಹಾಗೆಯೇ ಬಿಟ್ಟುಬಿಡುವುದು. ಭಾಗವತರ ಆಲಾಪ ಗದ್ದೆಯ ಆಚೆ ಬದಿಗೂ ಮುಟ್ಟುತ್ತದೆ. ಸಂಧಾನದ ಕೃಷ್ಣ ಕೌರವನಿಗೆ ಏನು ಹೇಳಿದನೆಂಬುದು ಹತ್ತನೇ ಸಾಲಿನವನಿಗೂ ಅರ್ಧಂಬರ್ಧ.

ಇದಕ್ಕೆ ಸಲಕರಣೆಯ ಬಡತನವನ್ನು ದೂರಿ ಫಲವಿಲ್ಲ. ಹಿಂದಿನ ಮೈಕ್ ಸೆಟ್ಟಿನಲ್ಲಿ ಇದ್ದದ್ದು ಒಂದು ಆಂಪ್ಲಿಫೈಯರ್, ಎರಡು ಮೈಕು, ಕಂಬಕ್ಕೋ ಅಡಿಕೆ ಮರಕ್ಕೋ ಕಟ್ಟಿದ ಕಹಳೆಯಾಕಾರದ ಹಾರ್ನ್. ಹಾರ್ನ್‌ನಲ್ಲಿ ಮದ್ದಳೆಯ ಗುಂ ಎನ್ನುವ ನಾದ ಬರುತ್ತಿರಲಿಲ್ಲ, ಹಾಡು ಕೀರಲಾಗುತ್ತಿತ್ತು. ಆದರೆ ಮಾತಿನ ಸ್ಪಷ್ಟತೆ ನಿಂತಿರುವುದು ವ್ಯಂಜನಗಳ ಮೇಲೆ. ಅವುಗಳ ತೂಕ ಹೆಚ್ಚಾಗಿ 2ರಿಂದ 4 ಕಿಲೋಹರ್ಟ್ಜ್ ನಡುವೆ ಬೀಳುತ್ತದೆ. ಹಾರ್ನ್ ಚೆನ್ನಾಗಿ ಕೊಡುತ್ತಿದ್ದದ್ದು ಆ ಭಾಗವನ್ನೇ. ಇಂದಿನ ದೊಡ್ಡ ಸ್ಪೀಕರ್ ಪೆಟ್ಟಿಗೆಗಳು ಎಲ್ಲವನ್ನೂ ಕೊಡಬಲ್ಲವು, ಕೊಡಬಾರದ್ದನ್ನೂ ಕೊಡುತ್ತವೆ.

ತೆರೆದ ಬಯಲಿನಲ್ಲಿ ದೂರ ಎರಡು ಪಟ್ಟಾದ ಹಾಗೆಲ್ಲ ಶಬ್ದ 6 ಡೆಸಿಬಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 60 ಡೆಸಿಬಲ್ ಇರುವ ಸಾಮಾನ್ಯ ಮಾತು 32 ಮೀಟರ್ ಹೋಗುವಷ್ಟರಲ್ಲಿ 30ಕ್ಕೆ ಬಂದು ಜನರ ಪಿಸುಗುಟ್ಟುವಿಕೆಯಲ್ಲೇ ಮುಳುಗುತ್ತದೆ. ಸ್ಪೀಕರಿಗೂ ಇದೇ ಲೆಕ್ಕ. ರಂಗಸ್ಥಳದ ಇಕ್ಕೆಲಗಳಲ್ಲಿ ನೆಲಕ್ಕೇ ಪೆಟ್ಟಿಗೆ ಪೇರಿಸಿ ಹಿಂದಿನ ಸಾಲಿಗೆ ಕೇಳಲೆಂದು ಏರಿಸಿದರೆ, ಮುಂದೆ ಚಾಪೆ ಹಾಕಿ ಕೂತ ಮಕ್ಕಳು ಮುದುಕರ ಕಿವಿ ಹೋಗುತ್ತದೆ, ಹಿಂದಿನವರಿಗೆ ಎದುರು ಕೂತವರ ತಲೆಗಳೇ ಅಡ್ಡ. ಪೆಟ್ಟಿಗೆಯನ್ನು ಮೂರು-ನಾಲ್ಕು ಮೀಟರ್ ಎತ್ತರಿಸಿ, ಬಾಯಿ ಕೆಳಕ್ಕೆ ಬಾಗಿಸಿ, ಹಿಂದಿನ ಸಾಲಿನತ್ತ ಗುರಿಯಿಟ್ಟರೆ ಮುಂದಿನ ಸಾಲಿಗೂ ಹಿಂದಿನ ಸಾಲಿಗೂ ಸ್ಪೀಕರಿನಿಂದಿರುವ ದೂರದ ಅಂತರ ಕುಗ್ಗುತ್ತದೆ. ಇದಕ್ಕೆ ಬೇಕಾದದ್ದು ಗಟ್ಟಿ ಸ್ಟ್ಯಾಂಡು ಮತ್ತು ಅರ್ಧ ಗಂಟೆ.

ಜನ ಹೆಚ್ಚಿದಾಗ ಬಯಲಿನ ನಡುವೆ ಇನ್ನೊಂದು ಜೋಡಿ ಸ್ಪೀಕರ್ ಇಡುವುದು ಸರಿಯಾದ ಕ್ರಮವೇ. ಅದಕ್ಕೆ ಡಿಲೇ ಕೊಡದೆ ಇಡುವುದು ಮಾತ್ರ ಕೆಡುಕು. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಸಾಗುತ್ತದೆ. 35 ಮೀಟರ್ ದೂರಕ್ಕೆ ಅದಕ್ಕೆ 100 ಮಿಲಿಸೆಕೆಂಡ್ ಬೇಕು. ತಂತಿಯಲ್ಲಿ ಹೋದ ಸಂಕೇತ ಆ ಕ್ಷಣವೇ ತಲುಪುತ್ತದೆ. ಹೀಗಾಗಿ ನಡುವಿನ ಸ್ಪೀಕರ್ ಬಳಿ ಕೂತವನಿಗೆ ಪ್ರತಿ ಅಕ್ಷರವೂ ಎರಡು ಸಲ, ಮೊದಲು ಪಕ್ಕದಿಂದ, ಆಮೇಲೆ ರಂಗಸ್ಥಳದಿಂದ. ಆ ಸ್ಪೀಕರಿಗೆ 110ರಿಂದ 115 ಮಿಲಿಸೆಕೆಂಡ್ ಡಿಲೇ ಕೊಟ್ಟರೆ ರಂಗಸ್ಥಳದ ಶಬ್ದವೇ ಕೂದಲೆಳೆಯಷ್ಟು ಮುಂಚೆ ಮುಟ್ಟುತ್ತದೆ. ಕಿವಿ ಮೊದಲು ಬಂದದ್ದನ್ನೇ ಮೂಲವೆಂದು ನಂಬುವುದರಿಂದ ಮಾತು ವೇಷಧಾರಿಯ ಬಾಯಿಂದಲೇ ಬಂದಂತೆ ಕೇಳಿಸುತ್ತದೆ. ಡಿಜಿಟಲ್ ಮಿಕ್ಸರುಗಳ ಔಟ್‌ಪುಟ್‌ನಲ್ಲಿ ಈ ಸೌಲಭ್ಯ ಸಾಮಾನ್ಯ. ಬಳಸಿದ್ದು ಕಾಣುವುದು ಅಪರೂಪ.

ಮೈಕುಗಳ ಆಯ್ಕೆಯಲ್ಲಿ ಯಾವ ದಾರಿಯೂ ಪೂರ್ತಿ ಒಳ್ಳೆಯದಲ್ಲ. ಸ್ಟ್ಯಾಂಡ್ ಮೈಕು ವೇಷಧಾರಿಯನ್ನು ಕಂಬಕ್ಕೆ ಕಟ್ಟಿಹಾಕುತ್ತದೆ. ಎರಡು ಪಾತ್ರಗಳು ಮುಖಾಮುಖಿಯಾಗುವ ಬದಲು ಸಭೆಗೆ ಭಾಷಣ ಮಾಡುವಂತೆ ನಿಲ್ಲುವ ಅಭ್ಯಾಸಕ್ಕೆ ಅದರ ಪಾಲೂ ಇದೆ. ಕಾಲರ್ ಮೈಕಿನಿಂದ ಓಡಾಟಕ್ಕೆ ಬಿಡುಗಡೆ ಸಿಕ್ಕಿತು, ಆದರೆ ಎದೆಪದಕ, ಮಣಿಸರಗಳ ತಿಕ್ಕಾಟವೆಲ್ಲ ಅದರೊಳಕ್ಕೆ ಬರುತ್ತದೆ, ಬೆವರಿಗೆ ಅದು ಬೇಗ ಕೆಡುತ್ತದೆ. ಮೇಲಿಂದ ಇಳಿಬಿಟ್ಟ ಕಂಡೆನ್ಸರ್ ಮೈಕುಗಳು ಆಟಕ್ಕೆ ಅಡ್ಡಿಯಾಗುವುದಿಲ್ಲ, ಬಾಯಿಗೆ ಮಾತ್ರ ದೂರ. ಕಿರೀಟದ ಎತ್ತರಕ್ಕೆ ಜಾಗ ಬಿಟ್ಟು ಕಟ್ಟಬೇಕಾದ್ದರಿಂದ ಅವು ಮಾತಿಗಿಂತ ಮೊದಲು ಹಿಂದಿನ ಚೆಂಡೆಯನ್ನು ಹಿಡಿಯುತ್ತವೆ. ಇಷ್ಟಾದರೂ ಬಯಲಾಟಕ್ಕೆ ಒಪ್ಪುವುದು ಇಳಿಬಿಟ್ಟ ಮೈಕೇ, ಅದರ ಬೆನ್ನು ಹಿಮ್ಮೇಳದ ಕಡೆಗಿದ್ದರೆ. ಕಾರ್ಡಿಯಾಯ್ಡ್ ಮೈಕು ಬೆನ್ನ ಕಡೆಯಿಂದ ಬರುವ ಶಬ್ದವನ್ನು ಅತಿ ಕಡಿಮೆ ಹಿಡಿಯುತ್ತದೆ. ನೆಟ್ಟಗೆ ನೆಲ ನೋಡುವಂತೆ ತೂಗಿಬಿಟ್ಟರೆ ಆ ಗುಣವೆಲ್ಲ ವ್ಯರ್ಥ.

ಚೆಂಡೆಗೆ ಮೈಕು ಇಡುವ ವಾಡಿಕೆ ಮರುಯೋಚನೆಗೆ ತಕ್ಕದ್ದು. ಆಟವಿದೆಯೆಂದು ಸುತ್ತಲ ಊರಿಗೆ ಸಾರಲು ‘ಕೇಳಿ’ ಎಂಬ ಹೆಸರಿನಲ್ಲಿ ಬಾರಿಸುತ್ತಿದ್ದ ವಾದ್ಯ ಅದು, ವಿದ್ಯುತ್ತಿನ ಹಂಗು ಅದಕ್ಕೆಂದೂ ಇರಲಿಲ್ಲ. ಭಾಗವತರ ಮೈಕಿನ ಮೂಲಕವೇ ಅದು ಬೇಕಾದಷ್ಟು ಬರುತ್ತದೆ. ಅದಕ್ಕೆ ಬೇರೆ ಮೈಕಿಟ್ಟು ಏರಿಸಿದರೆ ಹಾಡು ಕೇಳಲೆಂದು ಭಾಗವತರನ್ನು ಏರಿಸಬೇಕು, ಅವರಿಗೆ ತಮ್ಮ ಸ್ವರ ಕೇಳಲೆಂದು ಮಾನಿಟರನ್ನು ಏರಿಸಬೇಕು, ಆಗ ಮಾನಿಟರಿನ ಶಬ್ದ ಮೈಕಿಗೆ ಮರಳಿ ‘ಕುಂಯ್’ ಎನ್ನುತ್ತದೆ.

ನಿಜವಾದ ಸೋಲು ಕಾಣುವುದು ಮಿಕ್ಸರಿನಲ್ಲಿ. ತೆರೆದಿಟ್ಟ ಮೈಕುಗಳ ಸಂಖ್ಯೆ ಎರಡು ಪಟ್ಟಾದ ಹಾಗೆಲ್ಲ ಕೂಗು ಹುಟ್ಟುವ ಮುನ್ನ ದೊರೆಯುವ ಏರಿಕೆ 3 ಡೆಸಿಬಲ್ ತಗ್ಗುತ್ತದೆ. ಅರ್ಥ ಹೇಳುವಾಗ ಬೇಕಾದದ್ದು ಎರಡೇ ಮೈಕು, ತೆರೆದಿರುವುದು ಎಂಟು. ಉಳಿದ ಆರನ್ನು ಮುಚ್ಚಿದರೆ 6 ಡೆಸಿಬಲ್ ಕೈಸೇರುತ್ತದೆ, ಅದು ಆಂಪ್ಲಿಫೈಯರಿನ ಶಕ್ತಿಯನ್ನು ನಾಲ್ಕು ಪಟ್ಟು ಮಾಡಿದ್ದಕ್ಕೆ ಸಮ, ಅದೂ ಖರ್ಚಿಲ್ಲದೆ. ಇದಕ್ಕೆ ಬೇಕಾದ, ಹಲವು ಮೈಕುಗಳನ್ನು ಒಂದೇ ಗುಂಡಿಯಲ್ಲಿ ಮುಚ್ಚುವ ಮ್ಯೂಟ್ ಗ್ರೂಪ್, ಹಲವು ಚಾನೆಲ್‌ಗಳನ್ನು ಒಂದೇ ಫೇಡರಿನಲ್ಲಿ ಆಡಿಸುವ ಡಿಸಿಎ, ಹೊಂದಿಕೆಗಳನ್ನು ಉಳಿಸಿಟ್ಟು ಒಮ್ಮೆಗೇ ಮರಳಿ ಕರೆಯುವ ಸೀನ್ ಮೆಮೊರಿ ಎಲ್ಲವೂ 2012ರಲ್ಲಿ ಬಂದ ಬೆಹ್ರಿಂಗರ್ ಎಕ್ಸ್32ರಂಥ, ಬಾಡಿಗೆಯವರ ಕೈಗೆಟಕುವ ಯಂತ್ರದಲ್ಲೂ ಇವೆ. ಪದ್ಯ-ಅರ್ಥ ಎಂದು ತಾನೇ ಎರಡಾಗಿ ನಿಂತ ಇಂಥ ಕಲೆಗಿಂತ ಸಲೀಸಾಗಿ ಪ್ರೋಗ್ರಾಮ್ ಮಾಡಬಲ್ಲ ಪ್ರದರ್ಶನ ಸಿಗುವುದು ಕಷ್ಟ. ಹಾಗಿದ್ದೂ ಸಂಜೆ ಕೇಳಿಯ ಹೊತ್ತಿಗೆ ಇಟ್ಟ ಫೇಡರು ಮಂಗಳ ಪದ್ಯದ ತನಕ ಅಲ್ಲಾಡುವುದಿಲ್ಲ.

ಪ್ರೋಗ್ರಾಮಿನಲ್ಲಿ ಎಚ್ಚರಿಕೆ ಬೇಕಾದ ಜಾಗಗಳಿವೆ. ಅರ್ಥದ ವೇಳೆ ಭಾಗವತರ ಮೈಕನ್ನು ಪೂರ್ತಿ ಮುಚ್ಚುವಂತಿಲ್ಲ. ಅವರು ಹೂಂಗುಟ್ಟುತ್ತಾರೆ, ಹಾಸ್ಯಗಾರನೊಡನೆ ಮಾತಿಗಿಳಿಯುತ್ತಾರೆ. 10-12 ಡೆಸಿಬಲ್ ಇಳಿಸಿದರೆ ಸಾಕು. ಪೂರ್ತಿ ಮುಚ್ಚಬೇಕಾದ್ದು ಚೆಂಡೆಯದ್ದನ್ನು, ಇದ್ದರೆ. ಇಡೀ ಸೀನನ್ನು ನಡುವೆ ಮರಳಿ ಕರೆದರೆ ಅಷ್ಟರಲ್ಲಿ ಕೈಯಾರೆ ತಿದ್ದಿದ ಗೇನ್, ಈಕ್ವಲೈಜರ್ ಎಲ್ಲ ಅಳಿಸಿಹೋದಾವು; ಅವನ್ನು ರೀಕಾಲ್ ಸೇಫ್‌ನಲ್ಲಿ ಬೀಗ ಹಾಕಿಡಬೇಕು. ಮಾತಿನ ಚಾನೆಲ್‌ಗಳಿಗೆ 120 ಹರ್ಟ್ಜ್ ಸುಮಾರಿಗೆ ಹೈಪಾಸ್ ಫಿಲ್ಟರ್ ಕೊಟ್ಟರೆ ಧಿಗಿಣ ಕುಣಿತದ ಹೊಡೆತ, ಗಾಳಿಯ ಭೋರ್ಗರೆತ ದೂರವಾಗುತ್ತವೆ. ಎಕೋ ಭಾಗವತಿಕೆಗೆ ಸ್ವಲ್ಪ ಒಪ್ಪೀತು. ಅದೇ ಎಕೋ ಅರ್ಥದ ಮೈಕಿನಲ್ಲೂ ಉಳಿದರೆ ‘ಎಲವೋ ಭೀಮಸೇನ’ ಎಂಬುದು ‘ಸೇನ ಸೇನ’ ಎಂದು ಬಾಲ ಬೆಳೆಸಿಕೊಂಡು ಮುಂದಿನ ಮಾತನ್ನು ನುಂಗುತ್ತದೆ. ಬಹುಪಾಲು ಆಟಗಳಲ್ಲಿ ಆಗುವುದು ಇದೇ, ಮತ್ತು ಇದನ್ನು ಹಲವರು ಮೈಕಿನ ಗಮ್ಮತ್ತೆಂದೇ ಮೆಚ್ಚುತ್ತಾರೆ.

ಗುಂಡಿ ಒತ್ತುವ ಕ್ಷಣ ತಿಳಿಯಲು ಮೈಕಿನವನಿಗೆ ಪ್ರಸಂಗ ಗೊತ್ತಿರಬೇಕು. ಅರ್ಥಧಾರಿ ಮುಂದಿನ ಪದ್ಯಕ್ಕೆ ಎತ್ತುಗಡೆ ಕೊಡುವ ಮಾತಿನಲ್ಲೇ ಹಿಮ್ಮೇಳದ ಫೇಡರು ಏರಬೇಕು. ತಡವಾದರೆ ಪದ್ಯದ ಮೊದಲ ಶಬ್ದ ಹೋಯಿತು. ರಂಗಸ್ಥಳದ ಮಗ್ಗುಲಲ್ಲಿ, ಸ್ಪೀಕರಿನ ಬೆನ್ನಿಗೆ ಕೂತು ಇದನ್ನು ಮಾಡಲಾಗದು, ಸಭೆಗೆ ಏನು ಕೇಳುತ್ತಿದೆಯೆಂಬುದೇ ಅಲ್ಲಿಂದ ತಿಳಿಯುವುದಿಲ್ಲ. ಟ್ಯಾಬ್ಲೆಟ್ಟಿನಿಂದ ಮಿಕ್ಸರ್ ನಡೆಸಬಹುದಾದ ಕಾಲದಲ್ಲಿ ಸಭೆಯ ನಡುವೆ ಕೂರದಿರಲು ನೆಪವಿಲ್ಲ. ಇನ್ನೊಂದು ತೊಡಕು, ಎಷ್ಟೋ ಕಡೆ ಮೈಕು ಮೇಳದ್ದಲ್ಲ, ಆಟ ಆಡಿಸುವವರು ಗೊತ್ತುಮಾಡಿದ್ದು. ಮೇಳ ಅದೇ, ಕಂಠಗಳು ಅವೇ, ಮಿಕ್ಸರಿನ ಮುಂದೆ ಮಾತ್ರ ಪ್ರತಿರಾತ್ರಿ ಹೊಸಬ. ಮೇಳವೇ ತನ್ನ ಸೆಟ್ಟಿನೊಂದಿಗೆ ತಿರುಗಿದರೆ ಭಾಗವತರ, ವೇಷಧಾರಿಗಳ ಚಾನೆಲ್ ಲೆಕ್ಕವನ್ನು ಒಮ್ಮೆ ಉಳಿಸಿಟ್ಟು, ಊರೂರಲ್ಲಿ ಬಯಲಿಗೆ ತಕ್ಕಂತೆ ಔಟ್‌ಪುಟ್‌ನ ಈಕ್ವಲೈಜರ್, ಡಿಲೇ ಮಾತ್ರ ಬದಲಿಸಬಹುದು. ವೇಷ ಕುಣಿತಗಳಿಲ್ಲದ ತಾಳಮದ್ದಳೆಯಲ್ಲಿ ಈ ಪೇಚಾಟವಿಲ್ಲ: ಕೂತ ಅರ್ಥಧಾರಿ, ಬಾಯಿಗೆ ಹತ್ತಿರದ ಮೈಕು, ತೊಡಕಿಲ್ಲದ ಮಾತು.

ಶಬ್ದದ ಮಿತಿ ಈಗ ಕಾನೂನಿನ ವಿಷಯವೂ ಹೌದು. 2000ದ ಶಬ್ದ ಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕವನ್ನು ನಿಷೇಧಿಸುತ್ತವೆ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಲ್ಲಿ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರಕಾರಕ್ಕಿದೆ. ಕಟೀಲು ದೇವಸ್ಥಾನದ ಮೇಳಗಳು 2022ರಲ್ಲಿ ಇಡೀ ರಾತ್ರಿಯ ಆಟ ಬಿಟ್ಟು ಕಾಲಮಿತಿಗೆ ಬಂದದ್ದು ಈ ಹಿನ್ನೆಲೆಯಲ್ಲೇ. ವಸತಿ ಪ್ರದೇಶದ ಮಟ್ಟ ಹಗಲು 55, ರಾತ್ರಿ 45 ಡೆಸಿಬಲ್. ಸಾರ್ವಜನಿಕ ಜಾಗದ ಅಂಚಿನಲ್ಲಿ ಅದಕ್ಕಿಂತ 10ಕ್ಕೂ ಹೆಚ್ಚು ಮೀರಬಾರದು. ಚಳಿಗಾಲದ ನಿಶ್ಚಲ ರಾತ್ರಿ ನೆಲದ ಬಳಿಯ ಗಾಳಿ ಮೇಲಿನದಕ್ಕಿಂತ ತಣ್ಣಗಿರುವುದರಿಂದ ಶಬ್ದ ಕೆಳಕ್ಕೆ ಬಾಗಿ ಹಗಲಿಗಿಂತ ದೂರ ಹೋಗುತ್ತದೆ. ಬಯಲಿನ ಹೊರಕ್ಕೆ ಮುಖ ಮಾಡಿ ರಸ್ತೆಯುದ್ದಕ್ಕೂ ಕಟ್ಟುವ ಹಾರ್ನುಗಳು ಆಟ ನೋಡುವವನಿಗೆ ಏನನ್ನೂ ಕೊಡುವುದಿಲ್ಲ, ನಿದ್ದೆ ಕೆಟ್ಟವನಿಗೆ ದೂರಲು ಕಾರಣ ಕೊಡುತ್ತವೆ. ಡಿಜೆ ಬಾಡಿಗೆಯ ಜೊತೆಗೆ ಬರುವ 18 ಇಂಚಿನ ಸಬ್‌ವೂಫರುಗಳದ್ದೂ ಇದೇ ಕತೆ: 80 ಹರ್ಟ್ಜ್‌ಗಿಂತ ಕೆಳಗೆ ಯಕ್ಷಗಾನದಲ್ಲಿ ಕೇಳಬೇಕಾದ್ದು ಬಹಳ ಕಡಿಮೆ, ಗೋಡೆ ಕಿಟಕಿ ದಾಟಿ ನೆರೆಮನೆಯ ಒಳಕೋಣೆಗೆ ಎಲ್ಲಕ್ಕಿಂತ ಸುಲಭವಾಗಿ ನುಗ್ಗುವುದು ಆ ಭಾಗವೇ.