ಆರು ದಾರಿ, ಒಂದು ಕ್ಯೂ: ಮೈಸೂರಿನ ರಾಮಾನುಜನ್ ಪರಂಪರೆ

ಅಶೋಕಪುರಂನ ಅಡ್ಡರಸ್ತೆಗಳಲ್ಲಿ ಒಂದು ಮನೆ ಹುಡುಕುತ್ತಿದ್ದೀರಿ ಎನ್ನಿ. ಎರಡು ಬೀದಿ ಪೂರ್ವಕ್ಕೆ, ಎರಡು ಬೀದಿ ಉತ್ತರಕ್ಕೆ ಹೋಗಬೇಕು, ಬಂದ ದಿಕ್ಕಿಗೆ ತಿರುಗುವಂತಿಲ್ಲ. ದಾರಿಗಳು ಒಟ್ಟು ಆರು. ಈ ಬಗೆಯ ಎಣಿಕೆ ಕನ್ನಡ ನೆಲಕ್ಕೆ ಹಳೆಯದು. ರಾಷ್ಟ್ರಕೂಟರ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ 9ನೇ ಶತಮಾನದಲ್ಲೇ ‘ಗಣಿತಸಾರಸಂಗ್ರಹ’ದಲ್ಲಿ ಇದರ ಸಾಮಾನ್ಯ ಸೂತ್ರ ಕೊಟ್ಟಿದ್ದಾನೆ.

ಈಗ ದಾರಿಗಳನ್ನಷ್ಟೇ ಅಲ್ಲ, ಬೀದಿಗಳ ನಡುವಿನ ನಾಲ್ಕು ಚೌಕಗಳಲ್ಲಿ ಎಷ್ಟು ನಮ್ಮ ಬಲಗಡೆ ಉಳಿದವು ಎಂಬುದನ್ನೂ ಬರೆದಿಡೋಣ. ಮೊದಲು ಪೂರ್ವಕ್ಕೇ ನಡೆದವನಿಗೆ ಸೊನ್ನೆ, ಮೊದಲು ಉತ್ತರಕ್ಕೇ ನಡೆದವನಿಗೆ ನಾಲ್ಕು. ಒಂದು ಚೌಕ ಉಳಿಸುವ ದಾರಿ ಒಂದು, ಎರಡು ಉಳಿಸುವವು ಎರಡು, ಮೂರು ಉಳಿಸುವುದು ಒಂದು. ಚೌಕವೊಂದಕ್ಕೆ ‘ಕ್ಯೂ’ ಎಂಬ ಚಿಹ್ನೆ ಕೊಟ್ಟರೆ ಆರು ಎಂಬ ಸಂಖ್ಯೆ ಹೀಗೆ ಬಿಡಿಸಿಕೊಳ್ಳುತ್ತದೆ: 1 + ಕ್ಯೂ + 2ಕ್ಯೂ² + ಕ್ಯೂ³ + ಕ್ಯೂ⁴. ಕ್ಯೂ ಜಾಗದಲ್ಲಿ 1 ಇಟ್ಟರೆ ಹಳೆಯ ಆರು ಮರಳುತ್ತದೆ. 2 ಇಟ್ಟರೆ 35. ಸೊನ್ನೆ ಮತ್ತು ಒಂದು ಮಾತ್ರ ಇರುವ ಅಂಕಗಣಿತದಲ್ಲಿ, ನಾಲ್ಕು ಆಯಾಮದ ಆಕಾಶದೊಳಗೆ ಮೂಲಬಿಂದುವಿನ ಮೂಲಕ ಹಾಯುವ ಸಮತಲಗಳು ಸರಿಯಾಗಿ ಅಷ್ಟೇ.

ಸಂಖ್ಯೆಯನ್ನು ಹೀಗೆ ಕ್ಯೂ ಹಾಕಿ ಹಿಗ್ಗಿಸುವ ವಿದ್ಯೆಯಲ್ಲಿ ಮೈಸೂರಿಗೆ ಒಂದು ಮನೆತನವೇ ಇದೆ. ಅದರ ಹಿರಿಯರು ಕೆ. ವೆಂಕಟಾಚಲಯ್ಯಂಗಾರ್ (1908–2003). ದೀರ್ಘವೃತ್ತೀಯ ಫಲನಗಳನ್ನು ರಾಮಾನುಜನ್ ಹಾದಿಯಲ್ಲೇ ಕಟ್ಟಿದ ಅವರ ಇಂಗ್ಲಿಷ್ ಪುಸ್ತಕ 1988ರಲ್ಲಿ ಮಧುರೈಯಿಂದ ಬಂತು; 2012ರಲ್ಲಿ ಶಾನ್ ಕೂಪರ್ ಪರಿಷ್ಕರಿಸಿ ಹೊರತಂದರು. ಆ ಪುಸ್ತಕಕ್ಕೂ ಮೊದಲೇ, ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ಎಸ್. ಭಾರ್ಗವ ಮತ್ತು ಚಂದ್ರಶೇಖರ ಅಡಿಗ, ಅಮೆರಿಕದ ಬ್ರೂಸ್ ಬರ್ನ್‌ಟ್ ಜೊತೆ ಸೇರಿ ರಾಮಾನುಜನ್ನರ ಎರಡನೇ ನೋಟ್‌ಬುಕ್ಕಿನ 16ನೇ ಅಧ್ಯಾಯವನ್ನು ಬಿಡಿಸಿ 1985ರಲ್ಲಿ ಪ್ರಕಟಿಸಿದ್ದರು. ನಾಲ್ಕನೇ ಲೇಖಕ ಜಿ. ಎನ್. ವಾಟ್ಸನ್. ಆತ ತೀರಿಕೊಂಡು ಆಗಲೇ 20 ವರ್ಷ!

ಈ ಮನೆತನದ ಕೈಚಳಕ 1988ರ ಒಂದು ಪುಟ್ಟ ಲೇಖನದಲ್ಲಿ ಚೆನ್ನಾಗಿ ಕಾಣುತ್ತದೆ. ಒಂದು ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಎಷ್ಟು ಬಗೆಯಲ್ಲಿ ಬರೆಯಬಹುದು (ಕ್ರಮವೋ ಧನ-ಋಣ ಚಿಹ್ನೆಯೋ ಬದಲಾದರೆ ಬೇರೆ ಬಗೆ ಎಂದೇ ಲೆಕ್ಕ)? ಜಾಕೋಬಿಯ ಉತ್ತರ: ನಾಲ್ಕರಿಂದ ಭಾಗಿಸಿದಾಗ 1 ಉಳಿಯುವ ಭಾಜಕಗಳ ಎಣಿಕೆಯಿಂದ 3 ಉಳಿಯುವವುಗಳ ಎಣಿಕೆ ಕಳೆದು, ನಾಲ್ಕರಿಂದ ಗುಣಿಸಿ. 5ಕ್ಕೆ ಭಾಜಕಗಳು 1 ಮತ್ತು 5, ಹಾಗಾಗಿ ಉತ್ತರ 8. 3ಕ್ಕೆ ಸೊನ್ನೆ. ಭಾರ್ಗವ ಮತ್ತು ಅಡಿಗರು ಈ ಪ್ರಮೇಯವನ್ನೂ ಅದರ ನಾಲ್ಕು ವರ್ಗಗಳ ಅಣ್ಣನನ್ನೂ ರಾಮಾನುಜನ್ನರ ಒಂದೇ ಸಂಕಲನ ಸೂತ್ರದಿಂದ ಹೊರಗೆಳೆದರು. ಭಾರಿ ಸಲಕರಣೆಯಿಲ್ಲ, ಎಂ.ಎಸ್ಸಿ. ವಿದ್ಯಾರ್ಥಿ ಕಾಗದ ಹಿಡಿದು ಕೂತರೆ ಮುಗಿಸಬಹುದು.

ಈ ವಿಧಾನದ ಶಕ್ತಿ ಇರುವಲ್ಲೇ ಮಿತಿಯೂ ಇದೆ. ಹಲವು ಚರಗಳಿರುವ ಸೂತ್ರ ಕೈಲಿದ್ದರೆ ಒಂದನ್ನು ತಿರುಗಿಸಿದಾಗೆಲ್ಲ ಹೊಸ ಸಮೀಕರಣ ಉದುರುತ್ತದೆ. ಎಡ ಬಲ ಸಮ ಎಂಬುದು ಸಾಬೀತಾಗುತ್ತದೆ, ಎರಡೂ ಕಡೆ ಎಣಿಕೆಯಾಗುತ್ತಿರುವುದು ಏನು ಎಂಬ ಪ್ರಶ್ನೆ ಹಿಂದೆ ಬೀಳುತ್ತದೆ. ಎಲ್ಲ ಕಡೆ ಹೀಗಲ್ಲ: ಘನ ಥೀಟಾ ಫಲನಗಳೆಂಬ ಅನಂತ ಶ್ರೇಣಿಗಳನ್ನು ಒಂದೇ ಸೂರಿನಡಿ ತಂದ ಭಾರ್ಗವರ 1995ರ ಲೇಖನದಲ್ಲಿ ಬಿಡಿ ಸಮೀಕರಣಗಳಿಗಿಂತ ಅವುಗಳ ನಂಟಸ್ತನ ಮುಖ್ಯ.

ಮೈಸೂರಿನಾಚೆ, ಎಣಿಕೆಗೂ ಸಮೀಕರಣಕ್ಕೂ ಇರುವ ಇಂಥ ನಂಟಸ್ತನ ಉಂಗುರಗಳವರೆಗೂ ಹೋಯಿತು. ಉಂಗುರ ಎಂದರೆ ಕೂಡುವಿಕೆ, ಗುಣಾಕಾರ ಎರಡೂ ನಡೆಯುವ ಬೀಜಗಣಿತದ ರಚನೆ. ಮಲ್ಲಿಗೆ, ಕನಕಾಂಬರ ಎರಡೇ ಹೂವಿನಿಂದ ನಾಲ್ಕು ಹೂವಿನ ದುಂಡು ಮಾಲೆ ಕಟ್ಟಿದರೆ, ತಿರುಗಿಸಿದಾಗ ಒಂದೇ ಆಗುವವನ್ನು ಒಂದೇ ಎಂದು ಎಣಿಸಿ, ಆರು ಬಗೆ. ಅದರಲ್ಲಿ ಒಳಗೆ ಮರುಕಳಿಸದವು ಮೂರು. ಆ ಮೂರನ್ನು ಕೊಡುವುದು ಮೋಬಿಯಸ್ ಫಲನ: ನಾಲ್ಕು ಹೂವಿನ ಒಟ್ಟು 16 ಸಾಲುಗಳಲ್ಲಿ ಮರುಕಳಿಸುವ 4 ಕಳೆದು ನಾಲ್ಕರಿಂದ ಭಾಗಿಸಿದರಾಯಿತು. ಮೆಟ್ರೊಪೊಲಿಸ್ ಮತ್ತು ರೋಟಾ 1983ರಲ್ಲಿ ಇಂಥ ಮಾಲೆಗಳಿಂದಲೇ ಒಂದು ಉಂಗುರ ಕಟ್ಟಿದರು. ಕ್ರಿಸ್ಟಿಯನ್ ಲೆನಾರ್ಟ್ 1998ರಲ್ಲಿ ಅದಕ್ಕೂ ಕ್ಯೂ ಹಾಕಿದರು.

ಮಾನಸಗಂಗೋತ್ರಿಯ ಕೈ ಪಳಗಿರುವುದು ಅನಂತ ಶ್ರೇಣಿಗಳಲ್ಲಿ, ಈ ಮಾಲೆಗಳಲ್ಲಲ್ಲ. ಆದರೆ ಅದರ ಸೂತ್ರಗಳ ಒಂದೊಂದು ಗುಣಾಂಕವೂ ಅಶೋಕಪುರಂನ ಆ ದಾರಿಗಳಂತೆ ಯಾವುದನ್ನೋ ಎಣಿಸುತ್ತಿರಬಹುದು. ಅದನ್ನು ಹುಡುಕುವ ಕೆಲಸಕ್ಕೆ ಬೇಕಾದ ಸಾಮಗ್ರಿ ಆಗಲೇ ಅಚ್ಚಾಗಿ ಕೂತಿದೆ.