ಭುಜವಿಲ್ಲದ ತೋಟಾ

ಈ ವಾರ ಸ್ಕೋಪಿನ ರಿಂಗುಗಳ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ರಿಂಗುಗಳು ಎಲ್ಲಿಗೂ ಓಡಿಹೋಗುವುದಿಲ್ಲ. ಸೀಸನ್ ಹೊಸ್ತಿಲಿಗೆ ಬಂದಿದೆ, ಸಂಪಾದಕರು ಕಾಪಿ ಎಲ್ಲಿ ಎನ್ನುತ್ತಿದ್ದಾರೆ, ಪ್ರತಿ ನವೆಂಬರಿನಲ್ಲೂ ತಪ್ಪದೆ ಬರುವ ಕಾಗದ ಈ ಸಲವೂ ಬಂದಿದೆ. ಬರೆದವರು ಧಾರವಾಡದ ಕಡೆಯವರು, ಈಗ ಒಹಾಯೊ ರಾಜ್ಯದ ನಿವಾಸಿ. ಬೇಟೆಗಾರರ ತರಬೇತಿ ಮುಗಿಸಿ ಲೈಸೆನ್ಸ್ ಮಾಡಿಸಿದ್ದಾರೆ. “ಸರ, ಬಿಳಿಬಾಲದ ಜಿಂಕಿಗೆ 6.5 ಕ್ರೀಡ್‌ಮೋರ್ ತಗೊಳ್ಲೋ, .270 ತಗೊಳ್ಲೋ? ಅಂಗಡ್ಯಾಂವ ಒಂದು ಹೇಳ್ತಾನ, ಆಫೀಸಿನ ಗೆಳೆಯಾ ಇನ್ನೊಂದು ಹೇಳ್ತಾನ. ನೀವು ಒಂದ್ ಮಾತು ಹೇಳಿಬಿಡ್ರಿ.”

ಒಂದೇ ಮಾತು: ಎರಡೂ ಬೇಡ. ಏಕೆ ಎಂಬುದಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಕ್ರೀಡ್‌ಮೋರ್ ಭಕ್ತಮಂಡಳಿಯ ಜೊತೆ ನನ್ನದೊಂದು ಹಳೆಯ ಲೆಕ್ಕ ಬಾಕಿ ಇದೆ.

2007ರಲ್ಲಿ ಹಾರ್ನಡಿ ಕಂಪನಿ ಈ ತೋಟಾವನ್ನು ತಂದದ್ದು ಗುರಿ ಸ್ಪರ್ಧೆಗಾಗಿ. ದೂರದ ಕಾಗದದಲ್ಲಿ ತೂತು ಕೊರೆಯುವ ಆ ಕೆಲಸವನ್ನು ಅದು ಸೊಗಸಾಗಿಯೇ ಮಾಡುತ್ತದೆ, ಅದರಲ್ಲಿ ತಕರಾರಿಲ್ಲ. ಆಮೇಲೆ ಅದು ಕಾಡಿಗೂ ಬಂತು, ಬಂದ ದಿನದಿಂದ ಬೇಟೆಯೇ ಹೊಸದಾಗಿ ಶುರುವಾಯಿತು ಎಂಬಂತೆ ಮಾತಾಡುವವರು ಹುಟ್ಟಿಕೊಂಡರು. 140 ಗ್ರೇನಿನ ಗುಂಡು, ಸೆಕೆಂಡಿಗೆ ಸುಮಾರು 2700 ಅಡಿ ವೇಗ. ಇಷ್ಟೇ ಅದರ ಬಂಡವಾಳ. 1894ರಷ್ಟು ಹಳೆಯ ಸ್ವೀಡನ್ನಿನ 6.5×55 ಹೆಚ್ಚುಕಡಿಮೆ ಅದೇ ಗುಂಡನ್ನು ಅದೇ ವೇಗದಲ್ಲಿ ಎಸೆಯುತ್ತದೆ. ಆ ದೇಶದವರು ಅದರಲ್ಲಿ ಜಿಂಕೆಯಲ್ಲ, ಕುದುರೆ ಗಾತ್ರದ ಮೂಸ್‌ಗಳನ್ನೇ ಕೆಡವುತ್ತ ಬಂದಿದ್ದಾರೆ. ಅದಕ್ಕೂ ಒಂದೆರಡು ವರ್ಷ ಹಿರಿದು ನನ್ನ ಇಷ್ಟದೈವ 7×57 ಮೌಸರ್. ಮೂರೂ ಒಂದೇ ಗಾಣದ ಎಣ್ಣೆ, ಹೊಸ ಸೀಸೆಯ ಲೇಬಲ್ ಮಾತ್ರ ಮಿರಿಮಿರಿ.

ನನ್ನ ಜಗಳ ತೋಟಾದ ಜೊತೆಗಲ್ಲ, ಅದರ ಹಿಂದೆ ಬಂದ ಐನೂರು ಗಜದ ಚಟದ ಜೊತೆಗೆ. ಸ್ಕೋಪಿನ ತಿರುಪು ತಿರುಗಿಸಿ, ಗಾಳಿಯ ಲೆಕ್ಕ ಹಾಕಿ, ಗುಂಡು ತಲುಪುವಷ್ಟರಲ್ಲಿ ಜಿಂಕೆ ಒಂದು ಹೆಜ್ಜೆ ಇಟ್ಟರೆ ಹೊಟ್ಟೆಗೆ ಹೊಡೆದು, ಆ ಬಡಪ್ರಾಣಿ ಮೂರು ದಿನ ನರಳುವಂತೆ ಮಾಡುವುದಕ್ಕೆ ಬೇಟೆ ಎಂಬ ಹೆಸರು ಬೇಡ. ನಾನಿರುವ ಪೆನ್ಸಿಲ್ವೇನಿಯದ ಓಕ್ ಕಾಡಿನಲ್ಲಿ ನೂರು ಗಜ ಆಚೆಗೆ ಜಿಂಕೆ ಕಂಡರೆ ಅದೃಷ್ಟ. ಮಲೆನಾಡಿನಲ್ಲಿ ಮರಸು ಕೂರುತ್ತಿದ್ದ ಹಿರಿಯರಿಗೆ ಮೂವತ್ತು ಗಜವೇ ದೂರ.

ಎದುರು ಪಂಥವೂ ಕಡಿಮೆಯದ್ದಲ್ಲ. ಮ್ಯಾಗ್ನಮ್ ಮಂದಿ. ಜಿಂಕೆಗೂ .300 ವಿಂಚೆಸ್ಟರ್ ಮ್ಯಾಗ್ನಮ್ ಬೇಕು ಎನ್ನುವ ಇವರ ಮೂಲಪುರುಷ ಐಡಹೊದ ಎಲ್ಮರ್ ಕೀತ್. ದಪ್ಪ ಗುಂಡು, ಭಾರದ ಗುಂಡು ಎಂದು ಜೀವಮಾನವಿಡೀ ಬರೆದ ಮನುಷ್ಯ. ಅವನಿಗೆ ಎದುರಾಗಿ ನಿಂತವನು ಜ್ಯಾಕ್ ಓಕಾನರ್. ಅರಿಝೋನ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಕಲಿಸುತ್ತಿದ್ದ ಈತ 130 ಗ್ರೇನಿನ ಗುಂಡು ಹಾರಿಸುವ .270ರ ಆಸ್ಥಾನಕವಿ. ಇಬ್ಬರೂ ಪತ್ರಿಕೆಗಳಲ್ಲಿ ದಶಕಗಟ್ಟಲೆ ಕಿತ್ತಾಡಿದರು, ಓದುಗರು ಎರಡು ಬಣವಾದರು. ಈ ಗದ್ದಲದ ನಡುವೆ ಓಕಾನರನ ಹೆಂಡತಿ ಎಲಿನಾರ್ ತಮ್ಮ ಪಾಡಿಗೆ ತಾವು ಒಂದು 7×57 ಹಿಡಿದು, ಗಂಡ ಹೊಡೆದಂಥದ್ದೇ ಪ್ರಾಣಿಗಳನ್ನು ಹೊಡೆದು ಮನೆಗೆ ಬರುತ್ತಿದ್ದರು. .270ರ ಕವಿಯ ಮನೆಯಲ್ಲೇ 7×57 ಇತ್ತು ಎಂಬುದನ್ನು ಅವನ ಶಿಷ್ಯರಿಗೆ ಆಗಾಗ ನೆನಪಿಸುವುದು ನನಗೆ ಖುಷಿಯ ಕೆಲಸ.

ಮ್ಯಾಗ್ನಮ್ಮಿನ ತೊಂದರೆ ಜಿಂಕೆಗಲ್ಲ, ಹೊಡೆಯುವವನ ಹೆಗಲಿಗೆ. .30-06 ಒದೆತವೇ ಹೊಸಬರಿಗೆ ಸಾಕುಸಾಕು. .300 ಮ್ಯಾಗ್ನಮ್ ತಿಂದ ಹೆಗಲು ಮುಂದಿನ ಸಲ ಕುದುರೆ ಎಳೆಯುವ ಮೊದಲೇ ಅಂಜುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ, ನಳಿಗೆ ಕೆಳಕ್ಕೆ ಬಾಗುತ್ತದೆ. ರೇಂಜಿನಲ್ಲಿ ಪಕ್ಕದವರಿಗೆ ಹೇಳಿ ಕೋವಿಯಲ್ಲಿ ಒಂದು ಖಾಲಿ ತೋಟಾ ಗುಟ್ಟಾಗಿ ಹಾಕಿಸಿ ನೋಡಿ. ಗುಂಡು ಹಾರದಿದ್ದರೂ ನಳಿಗೆ ಕುಣಿಯುವುದು ನಿಮ್ಮ ಕಣ್ಣಿಗೇ ಬೀಳುತ್ತದೆ.

7×57ರ ಮಾತು ಬಂದರೆ ಬೆಲ್‌ನನ್ನು ಬಿಟ್ಟು ಮುಂದೆ ಹೋಗಲಾರೆ, ಹಳೆಯ ಓದುಗರು ಕ್ಷಮಿಸಬೇಕು. ಡಬ್ಲ್ಯು.ಡಿ.ಎಂ. ಬೆಲ್ ಸ್ಕಾಟ್ಲೆಂಡಿನವ, ಆಫ್ರಿಕದಲ್ಲಿ ದಂತಕ್ಕಾಗಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದವ. ಇಂದು ಮೆಚ್ಚುವ ಬದುಕಲ್ಲ. ಆದರೆ 1923ರ ಅವನ ಪುಸ್ತಕ ‘ವಾಂಡರಿಂಗ್ಸ್ ಆಫ್ ಆ್ಯನ್ ಎಲಿಫೆಂಟ್ ಹಂಟರ್’ ಕ್ಯಾಲಿಬರ್ ಜಗಳದ ಅರ್ಧಕ್ಕೆ ಆಗಲೇ ಉತ್ತರ ಕೊಟ್ಟಿದೆ. ಉಳಿದ ಬಿಳಿಯರು ಎರಡು ನಳಿಗೆಯ ಭಾರಿ ಕೋವಿಗಳನ್ನು ಆಳುಗಳ ಹೆಗಲಿಗೆ ಹೊರಿಸಿ ನಡೆಯುತ್ತಿದ್ದಾಗ ಬೆಲ್ ಆನೆಯ ತಲೆಬುರುಡೆಯನ್ನು ಗರಗಸದಿಂದ ಸೀಳಿ, ಮಿದುಳು ಎಲ್ಲಿದೆ, ಯಾವ ಕೋನದಿಂದ ಹೊಡೆದರೆ ಎಲ್ಲಿಗೆ ತಲುಪುತ್ತದೆ ಎಂದು ಚಿತ್ರ ಬರೆದುಕೊಂಡ. ಅವನ ವಾದ ಇಷ್ಟು: ಗುಂಡು ಮಿದುಳಿಗೆ ಹೋದರೆ ಸಣ್ಣದೂ ಒಂದೇ ದೊಡ್ಡದೂ ಒಂದೇ, ಹೋಗದಿದ್ದರೆ ದೊಡ್ಡದೂ ದಂಡ; ಹಗುರ ಕೋವಿ ದಿನವಿಡೀ ಸ್ವಂತ ಕೈಯಲ್ಲಿರುತ್ತದೆ, ಬೇಕಾದ ಗಳಿಗೆಯಲ್ಲಿ ನಡುಗದೆ ನಿಲ್ಲುತ್ತದೆ. ಅವನು ಹಿಡಿದದ್ದು .275 ರಿಗ್ಬಿ. ಅದು 7×57ಕ್ಕೆ ಲಂಡನ್ನಿನ ರಿಗ್ಬಿ ಕಂಪನಿ ಇಟ್ಟ ಇಂಗ್ಲಿಷ್ ಹೆಸರು. ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕಾಗಿ 1907ರಲ್ಲಿ ಜಿಮ್ ಕಾರ್ಬೆಟ್‌ಗೆ ಉಡುಗೊರೆಯಾಗಿ ಸಿಕ್ಕಿದ್ದೂ ಅದೇ .275.

1907 ಎಂದೆ. ಅದೇ ವರ್ಷ ಇನ್ನೊಂದು ಸಂಗತಿ ನಡೆಯಿತು, ನಿಜವಾಗಿ ಈ ವಾರ ನಾನು ಹೇಳಬೇಕಾದದ್ದು ಅದು. ಬ್ರಿಟಿಷ್ ಸರ್ಕಾರ ಭಾರತದಲ್ಲಿ ಮತ್ತು ಸುಡಾನಿನಲ್ಲಿ .450 ಅಳತೆಯ ರೈಫಲ್ಲುಗಳನ್ನು ಖಾಸಗಿಯವರಿಗೆ ನಿಷೇಧಿಸಿತು. ಕಾರಣ ಹುಲಿಯೂ ಅಲ್ಲ, ಆನೆಯೂ ಅಲ್ಲ. ಬಂಡಾಯಗಾರರ ಕೈಸೇರಿದ್ದ ಹಳೆಯ ಮಾರ್ಟಿನಿ-ಹೆನ್ರಿ ಕೋವಿಗಳಿಗೆ ಆ ಅಳತೆಯ ಗುಂಡು ಸಿಕ್ಕೀತೆಂಬ ಭಯ. ಲಂಡನ್ನಿನ ಕೋವಿ ಕಂಪನಿಗಳು ಕೈಕಟ್ಟಿ ಕೂರಲಿಲ್ಲ. ಕೂದಲೆಳೆ ದಪ್ಪ ಮಾಡಿ .465, .470, .476 ಎಂದು ಸಾಲುಸಾಲಾಗಿ ಹೊರತಂದವು. ಆನೆಬೇಟೆಯ ಗ್ರಂಥಗಳಲ್ಲಿ ಈ ಅಂಕಿಗಳಿಗೆ ಸಿಗುವ ಪೂಜೆ ನೋಡಿದರೆ ಯಾವುದೋ ಮಹಾ ಸಂಶೋಧನೆಯ ಫಲ ಎನಿಸಬೇಕು. ಇದ್ದದ್ದು ಒಂದು ಸರ್ಕಾರಿ ಆದೇಶ.

ಒಮ್ಮೆ ಈ ಕಣ್ಣಿನಿಂದ ನೋಡಿ, ಎಲ್ಲೆಲ್ಲೂ ಅದೇ ಕತೆ. ಸೇನೆಯ .303 ನಾಗರಿಕರ ಕೈಗೆ ಹೋಗಬಾರದು ಎಂದದ್ದರಿಂದ ಇಚ್ಛಾಪುರದ ಆರ್ಡ್‌ನೆನ್ಸ್ ಕಾರ್ಖಾನೆ ಅದೇ ಲೀ-ಎನ್‌ಫೀಲ್ಡ್ ಮೈಗೆ .315ರ ನಳಿಗೆ ತೊಡಿಸಿ ಮಾರಿತು. ನಮ್ಮೂರ ಕಡೆ ‘ತ್ರೀ ಫಿಫ್ಟೀನ್’ ಎಂದು ಗೌರವದಿಂದ ಕರೆಯುವ ಆ ತೋಟಾದ ಮೂಲ ಆಸ್ಟ್ರಿಯದ ಸೇನೆಯದು. ಇಂಗ್ಲೆಂಡಿನಲ್ಲಿ ದೊಡ್ಡ ಜಾತಿಯ ಜಿಂಕೆಗಳಿಗೆ .240 ಇಂಚಿಗಿಂತ ಸಣ್ಣ ಗುಂಡು ಕೂಡದು, 1700 ಅಡಿ-ಪೌಂಡಿಗಿಂತ ಕಡಿಮೆ ಶಕ್ತಿಯೂ ಕೂಡದು ಎನ್ನುತ್ತದೆ 1991ರ ಜಿಂಕೆ ಕಾಯ್ದೆ. ಅಲ್ಲಿ .243ಕ್ಕೆ ಇರುವ ಭಕ್ತರ ಸಂಖ್ಯೆಗೂ ಈ ಗೆರೆಗೂ ಸಂಬಂಧವಿಲ್ಲ ಎಂದರೆ ನಾನಂತೂ ನಂಬುವುದಿಲ್ಲ. ನಮ್ಮ ಕೊಡಗಿನದು ಎಲ್ಲಕ್ಕಿಂತ ವಿಚಿತ್ರ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿಗೆ ಲೈಸೆನ್ಸೇ ಬೇಡ, ಆ ವಿನಾಯಿತಿ ಇನ್ನೂ ಉಳಿದಿದೆ. ಹೊಡೆಯುವುದಕ್ಕೆ ಮಾತ್ರ ಏನೂ ಇಲ್ಲ. 1972ರ ವನ್ಯಜೀವಿ ಕಾಯ್ದೆ ಕದ ಹಾಕಿತು, ಪರವಾನಗಿ ಬೇಟೆಗೆ ಉಳಿದಿದ್ದ ಕಿಂಡಿಯನ್ನೂ 1991ರ ತಿದ್ದುಪಡಿ ಮುಚ್ಚಿತು. ಕೈಲ್ ಪೋಳ್ದ್ ಹಬ್ಬದಲ್ಲಿ ಗುರಿಯಿಟ್ಟು ಹೊಡೆಯುವ ತೆಂಗಿನಕಾಯಿಗೆ ಯಾವ ಕ್ಯಾಲಿಬರ್ ಆದರೂ ನಡೆದೀತು.

ಈಗ ಒಹಾಯೊ. ಬಹಳ ಕಡೆ ಸಪಾಟು ಮೆಕ್ಕೆಜೋಳದ ಹೊಲ, ನಡುನಡುವೆ ಮನೆ, ಗುಂಡು ತಡೆಯುವ ಗುಡ್ಡವಿಲ್ಲ. ಅಲ್ಲಿ ಬಹುಕಾಲ ಜಿಂಕೆಗೆ ರೈಫಲ್ಲೇ ಇರಲಿಲ್ಲ. ಶಾಟ್‌ಗನ್ನಿನ ಒಂಟಿಗುಂಡು, ಇಲ್ಲವೆ ಬಾಯಿಂದ ಈಡು ತುಂಬುವ ಕೋವಿ. 2014ರಿಂದ ರೈಫಲ್ಲಿಗೆ ದಾರಿ ಬಿಟ್ಟರು, ಒಂದು ಷರತ್ತಿನ ಮೇಲೆ: ತೋಟಾದ ಗೋಡೆ ನೇರವಾಗಿರಬೇಕು, ಅಳತೆ .357ರಿಂದ .50ರ ಒಳಗೆ. ಒಂದು .30-30 ತೋಟಾವನ್ನೂ ಒಂದು .350 ಲೆಜೆಂಡನ್ನೂ ಅಂಗೈಯಲ್ಲಿ ಪಕ್ಕಪಕ್ಕ ಇಟ್ಟುಕೊಳ್ಳಿ. ಮೊದಲನೆಯದಕ್ಕೆ ಭುಜವಿದೆ, ಭುಜದ ಮೇಲೆ ಕಿರಿದಾದ ಕುತ್ತಿಗೆ. ಎರಡನೆಯದರ ಮೇಲೆ ಬುಡದಿಂದ ಬಾಯಿವರೆಗೆ ಬೆರಳಾಡಿಸಿದರೆ ಎಲ್ಲೂ ತಡೆಯುವುದಿಲ್ಲ. 150 ಗ್ರೇನಿನ ಗುಂಡು ಎರಡರಿಂದಲೂ ಹೊರಡುವ ವೇಗದಲ್ಲಿ ನೂರು ಅಡಿಯ ವ್ಯತ್ಯಾಸವೂ ಇಲ್ಲ. ಆದರೆ ಭುಜವಿದ್ದದ್ದು ಕಾನೂನುಬಾಹಿರ, ಇಲ್ಲದ್ದು ಸಕ್ರಮ; ಹೆಸರಿನಲ್ಲಿ .350 ಎಂದಿದ್ದರೂ ಅದರ ಗುಂಡು .357ರ ಅಳತೆಯದೇ. 2019ರಲ್ಲಿ ವಿಂಚೆಸ್ಟರ್ ಆ .350ಯನ್ನು ತಂದದ್ದೇ ಇಂಥ ರಾಜ್ಯಗಳ ಗಿರಾಕಿಗಳಿಗಾಗಿ. ನಮ್ಮ ರಾಜ್ಯದ ಗಡಿ ದಾಟಿ ಒಹಾಯೊಗೆ ಹೋದ ಜಿಂಕೆ ನನ್ನ 7×57ರಿಂದ ಪಾರಾದಂತೆಯೇ ಸರಿ.

ಧಾರವಾಡದ ಮಿತ್ರರೇ, ನಿಮ್ಮ ಕ್ರೀಡ್‌ಮೋರಿಗೆ ಭುಜವಿದೆ, .270ಗೂ ಇದೆ. ಅಂಗಡಿಯವನು ಇದನ್ನು ಹೇಳದೆ ಬಿಟ್ಟದ್ದು ಏಕೋ ಅವನನ್ನೇ ಕೇಳಿ.

ಇಷ್ಟಾದ ಮೇಲೆ ಒಂದು ತಮಾಷೆ ಹೊಳೆಯಿತು. ಬೆಂಗಳೂರಿನ ಕೆನೆತ್ ಆಂಡರ್ಸನ್ ಹೆಗಲಿಗೆ ಹಾಕಿಕೊಂಡು ಅಲೆದದ್ದು 1895ರ ಮಾದರಿಯ ವಿಂಚೆಸ್ಟರ್, .405. ತೇಜಸ್ವಿಯವರ ‘ಕಾಡಿನ ಕತೆಗಳು’ ಓದಿ ಬೆಳೆದ ನಮ್ಮ ಪೀಳಿಗೆಗೆ ಗೊತ್ತಿರುವ ಕೋವಿ. ಥಿಯೊಡೋರ್ ರೂಸ್‌ವೆಲ್ಟ್ ಸಿಂಹಕ್ಕೆ ಔಷಧಿ ಎಂದು ಹೊಗಳಿದ್ದೂ ಅದನ್ನೇ. 300 ಗ್ರೇನಿನ ಮೊಂಡು ಮೂತಿಯ ಗುಂಡು, ಮತ್ತು ತೋಟಾ ಬುಡದಿಂದ ಬಾಯಿವರೆಗೆ ನೇರ, ಭುಜವಿಲ್ಲ! ಒಹಾಯೊದ ಈಗಿನ ನಿಯಮದಲ್ಲಿ ಕ್ರೀಡ್‌ಮೋರಿಗೆ ಇಲ್ಲದ ಪ್ರವೇಶ ಆಂಡರ್ಸನ್ನನ ಹುಲಿಕೋವಿಗೆ ಇದೆ. ವಿಂಚೆಸ್ಟರ್ ಆ ಮಾದರಿಯನ್ನು ಮತ್ತೆ ಹೊರತಂದದ್ದೂ ಉಂಟು, ಸೆಕೆಂಡ್‌ಹ್ಯಾಂಡಿನಲ್ಲಿ ಹುಡುಕಿದರೆ ಸಿಗುತ್ತದೆ. ಆಂಡರ್ಸನ್ನನ ಶಿವಣಿಪಳ್ಳಿ, ಜೌಳಗಿರಿ ಎಂದರೆ ಮೈ ಜುಮ್ಮೆನ್ನುವ ಜಾತಿಯವರು ನೀವಾದರೆ ತೆಗೆದುಕೊಳ್ಳಿ, ನಾನು ತಡೆಯುವುದಿಲ್ಲ. ಒದೆತದ ಬಗ್ಗೆ ಮೇಲೆ ಬರೆದದ್ದು ಮಾತ್ರ ಅದಕ್ಕೆ ಎರಡು ಪಟ್ಟು ಅನ್ವಯಿಸುತ್ತದೆ.

ಹಾಗಲ್ಲವಾದರೆ .350 ಲೆಜೆಂಡ್, ಬೋಲ್ಟ್ ಆ್ಯಕ್ಷನ್ ಕೋವಿ. ನೂರು ಗಜಕ್ಕೆ ಗುರಿ ಹೊಂದಿಸಿ, ನೂರೈವತ್ತರ ಆಚೆ ಕೈ ಹಾಕಬೇಡಿ. ಕೋವಿಯಲ್ಲಿ ಮೂರಕ್ಕಿಂತ ಹೆಚ್ಚು ತೋಟಾ ಇರಕೂಡದು ಎಂಬುದೂ ಅಲ್ಲಿನ ನಿಯಮ, ಕಿತ್ತಳೆ ಜಾಕೆಟ್ಟಿನಷ್ಟೇ ಕಡ್ಡಾಯ.

ನಿಮ್ಮ ಮನೆಯವರು ಮಾಂಸದಲ್ಲಿ ಸೀಸ ಉಳಿಯುತ್ತದೆಯೇ ಎಂದು ಕೇಳಿದ್ದಾರಂತೆ. ಉಳಿಯುತ್ತದೆ. ಸೀಸದ ಗುಂಡು ಒಳಗೆ ಬಿರಿದಾಗ ಕಣ್ಣಿಗೆ ಕಾಣದ ಚೂರುಗಳು ಗಾಯದಿಂದ ಗೇಣುದೂರ ಹೋಗಿರುತ್ತವೆ, ಅಷ್ಟನ್ನು ಧಾರಾಳವಾಗಿ ಕತ್ತರಿಸಿ ಬಿಸಾಡಿ. ಮಕ್ಕಳ ತಟ್ಟೆಗೆ ಹೋಗುವ ಮಾಂಸವಾದರೆ ಪೂರ್ತಿ ತಾಮ್ರದ ಗುಂಡನ್ನೇ ಕೊಳ್ಳಿ, .350ಗೂ ಸಿಗುತ್ತದೆ. ಕೊಂಡ ಮೇಲೆ ರೇಂಜಿಗೆ ಹೋಗಿ ಗುರಿಯನ್ನು ಮತ್ತೆ ಹೊಂದಿಸಿಕೊಳ್ಳಿ. ಸೀಸದ ಗುಂಡು ಬೀಳುವ ಜಾಗದಲ್ಲೇ ತಾಮ್ರದ್ದೂ ಬೀಳುತ್ತದೆಂಬ ಭರವಸೆಯಿಲ್ಲ.